ಹಗುರ ಲ್ಯಾಪ್‌ಟಾಪಿಗೆ ಮೆಮೊರಿ ಎಷ್ಟು ಬೇಕು?



ನಮ್ಮೂರಿನಿಂದ ಬೆಂಗಳೂರಿಗೆ ಓದಲು ಹೋಗುವ ಅಣ್ಣಂದಿರು, ಅಕ್ಕಂದಿರು ಈಗ ಲ್ಯಾಪ್‌ಟಾಪ್ ಕೊಳ್ಳುತ್ತಿದ್ದಾರೆ. ದಿನಾ ಬಸ್ಸಿನಲ್ಲಿ ಹೊತ್ತುಕೊಂಡು ಓಡಾಡಬೇಕಲ್ಲ, ಅದಕ್ಕೇ ಹಗುರವಾದದ್ದೇ ಬೇಕು ಅಂತಾರೆ. ಅಂಗಡಿಯಲ್ಲಿ "4 ಜಿಬಿ ಬೇಕಾ, 8 ಬೇಕಾ, 16 ಬೇಕಾ?" ಎಂದು ಕೇಳುತ್ತಾರೆ. ಒಂದೊಂದು ಮೆಟ್ಟಿಲಿಗೂ ಸಾವಿರಾರು ರೂಪಾಯಿ ಹೆಚ್ಚು. ರೇಷ್ಮೆಗೂಡು ಮಾರಿದ ದುಡ್ಡು ಕೊಡುವಾಗ ತಿಳಿದುಕೊಂಡು ಕೊಡುವುದು ಒಳ್ಳೆಯದಲ್ಲವೇ?

ಉಗ್ರಾಣ ಬೇರೆ, ಮೇಜು ಬೇರೆ

ಮೊದಲು ಒಂದು ಗೊಂದಲ ಬಿಡಿಸೋಣ. ಅಂಗಡಿಯವರು "512 ಜಿಬಿ ಮೆಮೊರಿ" ಎಂದರೆ ಅದು ನಾವು ಕೇಳುವ ಮೆಮೊರಿ ಅಲ್ಲ. ಅದು ಫೋಟೋ, ಪಾಠ, ಸಿನಿಮಾ ಕೂಡಿಡುವ ಜಾಗ. ನಾವು ಕೇಳುವುದು ರ‍್ಯಾಮ್. ಎರಡಕ್ಕೂ ವ್ಯತ್ಯಾಸ ಏನು?

ಬಸವನಗುಡಿಯ ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನ ಎಂಬ ಹೋಟೆಲಿದೆ. 1943ರಲ್ಲಿ ಶುರುವಾದದ್ದು, ಮಸಾಲೆ ದೋಸೆಗೆ ಹೆಸರುವಾಸಿ. ಅಲ್ಲಿನ ಉಗ್ರಾಣದಲ್ಲಿ ಅಕ್ಕಿ, ಉದ್ದಿನಬೇಳೆ ಮೂಟೆಗಟ್ಟಲೆ ಇರಬಹುದು. ಆದರೆ ಮೇಜು ಇರುವಷ್ಟೇ ಜನ ಒಂದು ಸಲಕ್ಕೆ ತಿನ್ನಬಹುದು. ಉಳಿದವರು ಹೊರಗೆ ಕಾಯಬೇಕು. ಆ ಉಗ್ರಾಣವೇ ಕೂಡಿಡುವ ಜಾಗ, ಆ ಮೇಜುಗಳೇ ರ‍್ಯಾಮ್, ದೋಸೆ ಹಾಕುವ ಭಟ್ಟರೇ ಪ್ರೊಸೆಸರ್. ಉಗ್ರಾಣ ದೊಡ್ಡದು ಮಾಡಿದರೆ ಮೇಜು ಹೆಚ್ಚಾಗುವುದಿಲ್ಲ.

ರ‍್ಯಾಮ್ ತುಂಬಿದರೆ ಕಂಪ್ಯೂಟರ್ ಏನು ಮಾಡುತ್ತೆ? ಕೆಲವು ಕೆಲಸಗಳನ್ನು ಎಬ್ಬಿಸಿ ಉಗ್ರಾಣದ ಮೂಲೆಯಲ್ಲಿ ಕೂರಿಸುತ್ತೆ. ಬೇಕಾದಾಗ ಮತ್ತೆ ಕರೆತರುತ್ತೆ. ಈ ಓಡಾಟದಲ್ಲೇ ಲ್ಯಾಪ್‌ಟಾಪ್ ನಿಧಾನ ಆಗೋದು.

ಇನ್ನೊಂದು ಮಾತು, ಇದೇ ಮುಖ್ಯ. ಹತ್ತು ಜನ ಬರುವ ಹೋಟೆಲಿಗೆ ನೂರು ಮೇಜು ಹಾಕಿದರೆ ದೋಸೆ ಬೇಗ ಬೇಯುತ್ತದೆಯೇ? ಇಲ್ಲ. ರ‍್ಯಾಮ್ ಕಡಿಮೆಯಾದರೆ ತೊಂದರೆ, ಸಾಕಷ್ಟು ಇದ್ದ ಮೇಲೆ ಇನ್ನೂ ಹಾಕಿದರೆ ಲಾಭ ಬಹಳ ಕಡಿಮೆ.

ಜಾಗ ತಿನ್ನುವವರು ಯಾರು?

ಕನ್ನಡ ಬರೆಯೋದಕ್ಕೆ ಹೆಚ್ಚು ಮೆಮೊರಿ ಬೇಕು ಅಂತ ಕೆಲವರು ಅಂದುಕೊಂಡಿದ್ದಾರೆ. ಲೆಕ್ಕ ಮಾಡಿ ನೋಡೋಣ. ಅಂತರ್ಜಾಲದಲ್ಲಿ ಬಳಸುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. "ಬಸವನಗುಡಿ" ಎಂದು ಬರೆದರೆ ಆರು ಅಕ್ಷರ, ಎರಡು ಸ್ವರಚಿಹ್ನೆ ಸೇರಿ 8 ಚಿಹ್ನೆ, ಅಂದರೆ 24 ಬೈಟ್. ಪುಟಕ್ಕೆ 1,500 ಚಿಹ್ನೆಯಂತೆ 200 ಪುಟದ ಪುಸ್ತಕ ಬರೆದರೂ 9 ಲಕ್ಷ ಬೈಟ್. ಇಂಥ ಸಾವಿರ ಪುಸ್ತಕ 1 ಜಿಬಿಯೊಳಗೆ ಹಿಡಿಸುತ್ತವೆ!

ಹಾಗಾದರೆ ತಿನ್ನುವುದು ಯಾವುದು? ಚಿತ್ರ, ವಿಡಿಯೋ, ಅಂತರ್ಜಾಲದ ಪುಟಗಳು. ಮೊಬೈಲಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೋದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿವೆ. ಚುಕ್ಕೆಗೆ 3 ಬೈಟ್ ಎಂದರೂ ಆ ಫೋಟೋ ಪೂರ್ತಿ ತೆರೆದಾಗ 3 ಕೋಟಿ 60 ಲಕ್ಷ ಬೈಟ್ ಬೇಕು. ಇದು ನಮ್ಮ 40 ಪುಸ್ತಕಕ್ಕೆ ಸಮ! ಜೊತೆಗೆ ವಿಂಡೋಸ್‌ಗೂ ಜಾಗ ಬೇಕು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಕಡೇಪಕ್ಷ 4 ಜಿಬಿ ಇರಲೇಬೇಕು.

64 ಎಂಬಿಯ ಕಥೆ

ನಿಮಗೆ ಗೊತ್ತೇ? ಮಲ್ಲೇಶ್ವರದ ಪಕ್ಕದಲ್ಲೇ ಇರುವ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಬೆಂಗಳೂರಿನ ಕೆಲವು ಎಂಜಿನಿಯರುಗಳು ಸೇರಿ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಕಂಪ್ಯೂಟರ್ ರೂಪಿಸಿದ್ದರು. 1999ರಲ್ಲಿ ಅದಕ್ಕಾಗಿ ಒಂದು ಟ್ರಸ್ಟ್ ಕಟ್ಟಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಓದು ಬಾರದ ಹಳ್ಳಿಯವರಿಗೂ ಅನುಕೂಲವಾಗಲಿ ಎಂದು ಬರಹವನ್ನು ನಮ್ಮ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆ ಮಾಡಿದ್ದರು. ಅದರ ರ‍್ಯಾಮ್ 32 ಅಥವಾ 64 ಎಂಬಿ ಅಷ್ಟೇ. 8 ಜಿಬಿ ಅಂದರೆ 64 ಎಂಬಿಯ 128 ಪಟ್ಟು! ಸಿಂಪ್ಯೂಟರ್ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಆದರೂ ಮೊದಲು ಕೆಲಸ ನೋಡಬೇಕು, ಆಮೇಲೆ ಮೆಮೊರಿ ನೋಡಬೇಕು ಎಂಬುದು ಅದರಿಂದ ತಿಳಿಯುತ್ತದೆ.

ಹಗುರವಾದರೆ ಒಂದು ತೊಡಕು

ದಪ್ಪ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಹಿಂದಿನ ಮುಚ್ಚಳ ಬಿಚ್ಚಿ ಆಮೇಲೂ ರ‍್ಯಾಮ್ ಸೇರಿಸಬಹುದು. ತೆಳ್ಳಗೆ ಮಾಡಲು ಕಂಪನಿಗಳು ಎಷ್ಟೋ ಸಲ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿಬಿಡುತ್ತವೆ. 2008ರಲ್ಲಿ ಬಂದ ಮೊದಲ ಮ್ಯಾಕ್‌ಬುಕ್ ಏರ್ ಹೀಗೇ ಇತ್ತು. ಅದರಲ್ಲಿದ್ದದ್ದು 2 ಜಿಬಿ. 2024ರ ಅಕ್ಟೋಬರಿನಿಂದ ಅದೇ ಹೆಸರಿನ ಲ್ಯಾಪ್‌ಟಾಪ್ 16 ಜಿಬಿಯಿಂದಲೇ ಶುರುವಾಯಿತು. ಬೆಸುಗೆ ಹಾಕಿದ್ದರೆ "ಮುಂದಿನ ವರ್ಷ ಸೇರಿಸಿಕೊಳ್ಳೋಣ" ಅನ್ನೋ ಹಾಗಿಲ್ಲ. ಕೊಳ್ಳುವ ದಿನವೇ ಯೋಚಿಸಬೇಕು.

ನಾವು ನೋಡಿದ ಲೆಕ್ಕ

ಚಾಮರಾಜಪೇಟೆಯ ನಮ್ಮ ಸೋದರಮಾವನ ಮನೆಯಲ್ಲಿ 8 ಜಿಬಿಯ ಲ್ಯಾಪ್‌ಟಾಪ್ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಗುಂಡಿ ಒಟ್ಟಿಗೆ ಒತ್ತಿದರೆ ಎಷ್ಟು ಮೆಮೊರಿ ಖರ್ಚಾಗಿದೆ ಅಂತ ತೋರಿಸುತ್ತೆ. ಆನ್ ಮಾಡಿದಾಗಲೇ 4 ಜಿಬಿ ಹತ್ತಿರ ಇತ್ತು. ಕನ್ನಡದಲ್ಲಿ ಕಾಗದ ಟೈಪ್ ಮಾಡಿದರೆ ಹೆಚ್ಚೇನೂ ಏರಲಿಲ್ಲ. ಆನ್‌ಲೈನ್ ಪಾಠ ಹಾಕಿ, ಹತ್ತು ಪುಟ ತೆರೆದಾಗ ಆರೂವರೆ ದಾಟಿತು. ಆದರೂ ನಿಲ್ಲದೆ ಓಡಿತು. ಅರ್ಧಕ್ಕಿಂತ ಹೆಚ್ಚು ಖರ್ಚಾಗಿದೆ ಎಂದು ಹೆದರಬೇಕಿಲ್ಲ. ಖಾಲಿ ಜಾಗವಿದ್ದರೆ ಕಂಪ್ಯೂಟರ್ ಮುಂದೆ ಬೇಕಾಗುವುದನ್ನು ಮೊದಲೇ ತಂದಿಟ್ಟುಕೊಳ್ಳುತ್ತೆ.

ಹಾಗಾದರೆ ಎಷ್ಟು?

4 ಜಿಬಿ: ವಿಂಡೋಸ್ 11 ಓಡುತ್ತದೆ, ಆದರೆ ಏದುಸಿರು ಬಿಡುತ್ತದೆ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಹಗುರವಾದ ಲಿನಕ್ಸ್ ಹಾಕಿ ಬಳಸಬಹುದು.

8 ಜಿಬಿ: ಬರೆಯಲು, ಓದಲು, ಲೆಕ್ಕಪತ್ರಕ್ಕೆ, ಆನ್‌ಲೈನ್ ಪಾಠಕ್ಕೆ ಸಾಕು.

16 ಜಿಬಿ: ಎಂಜಿನಿಯರಿಂಗ್ ಓದುವವರಿಗೆ, ವಿಡಿಯೋ ಜೋಡಿಸುವವರಿಗೆ. ರ‍್ಯಾಮ್ ಬೆಸುಗೆ ಹಾಕಿದ್ದು, ಐದಾರು ವರ್ಷ ಬಳಸುವುದಿದ್ದರೂ ಇದೇ ಒಳ್ಳೆಯದು.

32 ಜಿಬಿ: ವಿಶೇಷ ಕೆಲಸ ಇಲ್ಲದಿದ್ದರೆ ಬೇಡ. 2025ರ ಕೊನೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜೋರಾಗಿ ಏರಿದ್ದರಿಂದ ಬೇಡದ್ದಕ್ಕೆ ದುಡ್ಡು ಸುರಿಯುವುದು ಇನ್ನೂ ನಷ್ಟ.

ನಮ್ಮಕ್ಕ ಬಿ.ಕಾಂ. ಸೇರಿದಾಗ ಅಪ್ಪ 8 ಜಿಬಿಯದೇ ತಂದರು, ಆದರೆ ಒಂದು ಸ್ಲಾಟ್ ಖಾಲಿ ಇರುವುದನ್ನು ಹುಡುಕಿ ತಂದರು. ಉಳಿದ ದುಡ್ಡು ಅವಳ ಪುಸ್ತಕಕ್ಕೆ, ಬಸ್ ಪಾಸಿಗೆ ಆಯಿತು.

ನಿಮ್ಮ ಮನೆಯವರು ಎಸ್.ಪಿ. ರಸ್ತೆಗೋ ಬೇರೆ ಅಂಗಡಿಗೋ ಹೊರಟರೆ ಈ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಡಿ: ರ‍್ಯಾಮ್ ಎಷ್ಟು? ಬೆಸುಗೆ ಹಾಕಿದ್ದೋ, ಬಿಚ್ಚಬಹುದೋ? ಖಾಲಿ ಸ್ಲಾಟ್ ಇದೆಯೋ? ಉತ್ತರ ಕೇಳಿದ ಮೇಲೆಯೇ ದುಡ್ಡು ಎಣಿಸಲಿ.

— 7ನೇ ತರಗತಿ