ಹಸುರುಗಟ್ಟಿದ ಕೆರೆ ಕುಂಟೆಗಳ ನೀರನ್ನು ತಿಳಿಗೊಳಿಸುವ ಕ್ರಮ

ಮಳೆಗಾಲದಲ್ಲಿ ಕೆಂಪಾಗಿ ಹರಿದು ಬಂದು ನಿಂತ ನೀರು ಕೆಲವು ತಿಂಗಳುಗಳಲ್ಲಿ ತಿಳಿಯಾಗಿ, ಬೇಸಗೆ ಸಮೀಪಿಸಿದಂತೆಲ್ಲ ಹಸುರು ಬಣ್ಣವನ್ನು ತಾಳುವುದು ಬಯಲುಸೀಮೆಯ ಅನೇಕ ಕೆರೆ ಕುಂಟೆಗಳಲ್ಲಿ ಕಂಡುಬರುವ ಸಂಗತಿಯಾಗಿದೆ. ನೀರು ಅಲ್ಪ ಸ್ವಲ್ಪ ಹಸುರಾಗಿರುವುದು ದೋಷವಲ್ಲ. ಮೀನಿನ ಆಹಾರಕ್ಕೆ ಅದೇ ಮೂಲವು. ಆದರೆ ಕೆಲವು ಕಡೆ ಈ ಹಸುರು ಮಿತಿಮೀರಿ, ದಡದಲ್ಲಿ ಕೆನೆಗಟ್ಟಿ, ದುರ್ವಾಸನೆ ಹುಟ್ಟಿ, ಒಂದು ಮುಂಜಾನೆ ಮೀನುಗಳೆಲ್ಲ ಸತ್ತು ತೇಲುವುದುಂಟು. ಆಗ ಊರಿನವರು ಮುಖಂಡರ ಬಳಿಗೆ ಬಂದು, ಕೂಡಲೆ ಏನಾದರೂ ಔಷಧಿಯನ್ನು ಹಾಕಿಸಬೇಕೆಂದು ಕೇಳುವುದು ಸಹಜ. ಹೀಗೆ ಅವಸರದಿಂದ ಹಾಕಿದ ಔಷಧಿಯಿಂದ ಪಾಚಿಗಿಂತಲೂ ಹೆಚ್ಚಿನ ಕೇಡಾಗುವ ಸಂಭವವಿರುವುದರಿಂದ, ಈ ವಿಷಯದಲ್ಲಿ ಗ್ರಾಮ ಮುಖಂಡರೂ ಜಮೀನುದಾರರೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಿದೆ.

ಪಾಚಿ ಬೆಳೆಯಲು ಕಾರಣ

ಹಸುರು ನೀರೆಂಬುದು ಕೊಳೆತ ನೀರಲ್ಲ. ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸೂಕ್ಷ್ಮವಾದ ಸಸ್ಯಾದಿ ಜೀವಿಗಳ ಒಂದು ಪೈರು. ಹೊಲದ ಪೈರಿನಂತೆಯೇ ಇದಕ್ಕೂ ಬಿಸಿಲು ಬೇಕು, ಸಾರಜನಕ ಬೇಕು, ರಂಜಕ ಬೇಕು. ಇವುಗಳಲ್ಲಿ ಕೆರೆಯ ನೀರಿನಲ್ಲಿ ಸಾಮಾನ್ಯವಾಗಿ ಕೊರತೆಯಾಗಿರುವುದು ರಂಜಕವೇ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಶಿಂಡ್ಲರ್ ಎಂಬ ವಿಜ್ಞಾನಿಯು 1973ರಲ್ಲಿ ಒಂದು ಸಣ್ಣ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿಸಿ, ಒಂದಕ್ಕೆ ಇಂಗಾಲವನ್ನೂ ಸಾರಜನಕವನ್ನೂ ಮಾತ್ರ, ಇನ್ನೊಂದಕ್ಕೆ ಅವುಗಳ ಜೊತೆಗೆ ರಂಜಕವನ್ನೂ ಹಾಕಿಸಿದನು. ರಂಜಕ ಬಿದ್ದ ಭಾಗವು ದಟ್ಟವಾದ ಹಸುರಾಯಿತು. ಇನ್ನೊಂದು ಭಾಗವು ತಿಳಿಯಾಗಿಯೇ ಉಳಿಯಿತು. ಒಂದು ಕಿಲೋ ರಂಜಕದಿಂದ ಸುಮಾರು 500 ಕಿಲೋ ಹಸಿ ಪಾಚಿ ಬೆಳೆಯಬಲ್ಲುದೆಂದು ಎಣಿಸಿದ್ದಾರೆ.

ಈ ರಂಜಕವು ಕೆರೆಗೆ ಬರುವ ದಾರಿಗಳು ನಮಗೆ ಅಪರಿಚಿತವಾದವುಗಳಲ್ಲ. ಬದುವಿಲ್ಲದ ಹೊಲದಿಂದ ಕೊಚ್ಚಿಹೋಗುವ ಮೇಲ್ಮಣ್ಣು ಮತ್ತು ಅದಕ್ಕೆ ಅಂಟಿಕೊಂಡ ರಸಗೊಬ್ಬರ, ಅಂಗಳದ ತಿಪ್ಪೆಯ ರಸ, ಊರಿನ ಚರಂಡಿ, ಬಟ್ಟೆ ಒಗೆಯುವ ಪುಡಿ, ನೀರಿಗಿಳಿದ ದನಗಳ ಸಗಣಿ ಗಂಜಲ, ಇವೇ ಮುಖ್ಯವಾದವು. ಹೊಲದಲ್ಲಿ ರಾಗಿಗೂ ಭತ್ತಕ್ಕೂ ಸಲ್ಲಬೇಕಾದ ಸಾರವು ಕೆರೆಯಲ್ಲಿ ಪಾಚಿಗೆ ಸಲ್ಲುತ್ತಿದೆಯೆಂದು ತಿಳಿಯಬೇಕು.

ಮೊದಲು ಮಾಡಬೇಕಾದ ಪರೀಕ್ಷೆ

ಕದಡಿದ ನೀರೆಲ್ಲವೂ ಪಾಚಿಯ ನೀರಲ್ಲ. ಒಂದು ಬಿಳಿಯ ಗಾಜಿನ ಸೀಸೆಯಲ್ಲಿ ಕೆರೆಯ ನೀರನ್ನು ಮುಕ್ಕಾಲು ಪಾಲು ತುಂಬಿ, ಅಲುಗಿಸದೆ ಒಂದು ರಾತ್ರಿ ಇಡಬೇಕು. ತಳದಲ್ಲಿ ಮಣ್ಣು ಕೂತರೆ ಅಥವಾ ನೀರು ಹಾಗೆಯೇ ಕಂದಾಗಿ ಉಳಿದರೆ ಅದು ಜೇಡಿಮಣ್ಣಿನ ಕದಡು. ಹಸುರು ಕೆಳಗಿಳಿದರೆ ಅಥವಾ ನೀರಿನಲ್ಲೆಲ್ಲ ಹರಡಿಕೊಂಡಿದ್ದರೆ ಸಾಧಾರಣ ಹಸುರು ಪಾಚಿ. ಹಸುರು ಮೇಲಕ್ಕೇರಿ ಸೀಸೆಯ ಕೊರಳಿನ ಬಳಿ ಉಂಗುರದಂತೆ ಕಟ್ಟಿದರೆ ಅದು ನೀಲಿಹಸುರು ಪಾಚಿಯಾಗಿರುವ ಸಂಭವ ಹೆಚ್ಚು; ಎಚ್ಚರಿಕೆಯಿಂದಿರಬೇಕಾದುದು ಇದರ ವಿಷಯದಲ್ಲಿಯೇ. ಇನ್ನೊಂದು ಪರೀಕ್ಷೆ: ಒಂದು ಕೋಲನ್ನು ದಡದ ಕೆನೆಯಲ್ಲಿ ಅದ್ದಿ ಎತ್ತಿದಾಗ ಕೂದಲಿನಂತೆ ಎಳೆಗಳು ಜೋತುಬಿದ್ದರೆ ನೂಲು ಪಾಚಿ, ಬಣ್ಣದಲ್ಲಿ ಅದ್ದಿದಂತೆ ಬಳಿದುಕೊಂಡು ಬಂದರೆ ನೀಲಿಹಸುರು ಪಾಚಿಯೆಂಬ ಶಂಕೆ ಬಲವಾಗುವುದು. ಇಂತಹ ಕೆನೆಯನ್ನು ಬರಿಗೈಯಿಂದ ಮುಟ್ಟಬಾರದು.

ದಡದಲ್ಲಿ ಕೆನೆಯಿಲ್ಲದ ಮೀನಿನ ಕುಂಟೆಯಲ್ಲಿ ದಟ್ಟಣೆಯನ್ನು ಅಳೆಯಲು ತೋಳೇ ಸಾಕು. ನಿಂತ ನೀರಿನಲ್ಲಿ ಕೈಯನ್ನು ನೆಟ್ಟಗೆ ಇಳಿಸಿ, ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ಹಸುರು ಹಿತಮಿತವಾಗಿದೆ. ಮಣಿಕಟ್ಟು ಮುಳುಗುವುದರೊಳಗೇ ಅಂಗೈ ಕಾಣದಾದರೆ ಮೀನಿಗೆ ಅಪಾಯ ಸಮೀಪಿಸಿದೆ.

ಮೀನು ಮುಂಜಾನೆ ಸಾಯುವುದೇಕೆ?

ಪಾಚಿಯು ಹಗಲಿನಲ್ಲಿ ಬಿಸಿಲಿನ ಸಹಾಯದಿಂದ ನೀರಿಗೆ ಆಮ್ಲಜನಕವನ್ನು ಬಿಡುವುದು. ರಾತ್ರಿ ತಾನೂ ಉಸಿರಾಡಿ ಅದನ್ನೇ ವ್ಯಯಮಾಡುವುದು. ಆದಕಾರಣ ನೀರಿನ ಆಮ್ಲಜನಕವು ಸೂರ್ಯೋದಯಕ್ಕೆ ಮುಂಚೆ ಅತ್ಯಂತ ಕಡಿಮೆಯಾಗಿರುವುದು. ಮೋಡ ಮುಸುಕಿದ ದಿನದ ಮಾರನೆಯ ಬೆಳಿಗ್ಗೆ, ಅಥವಾ ಪಾಚಿಯು ಒಮ್ಮೆಲೆ ಸತ್ತು ಕೊಳೆಯುವಾಗ, ಈ ಕೊರತೆಯು ತೀವ್ರವಾಗುವುದು. ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಅದೇ ಮುನ್ಸೂಚನೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚಿಯಲ್ಲಿ ಸಾವಿರಾರು ಮೀನುಗಳು ಸತ್ತು ದಡ ಸೇರಿದ್ದು ಅನೇಕರ ನೆನಪಿನಲ್ಲಿರಬಹುದು. ಕೊಳಚೆ ಸೇರಿ ಆಮ್ಲಜನಕ ತಗ್ಗಿದ ನೀರಿನ ಗತಿ ಅಂತಹುದು.

ದನಕರುಗಳಿಗೂ ಜನರಿಗೂ ಇರುವ ಅಪಾಯ

ನೀಲಿಹಸುರು ಪಾಚಿಯ ಕೆಲವು ಜಾತಿಗಳು ವಿಷವನ್ನು ಹುಟ್ಟಿಸುವುವು. ಕೆಲವು ವಿಷಗಳು ಪಿತ್ತಜನಕಾಂಗವನ್ನೂ ಕೆಲವು ನರಗಳನ್ನೂ ಕೆಡಿಸುವುವು. ದಕ್ಷಿಣ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂತಹ ಕೆನೆಯನ್ನು ಕುಡಿದು ಕುರಿ, ಕುದುರೆ ಮೊದಲಾದ ಪ್ರಾಣಿಗಳು ಸತ್ತುದನ್ನು ಜಾರ್ಜ್ ಫ್ರಾನ್ಸಿಸ್ ಎಂಬಾತನು 1878ರಲ್ಲಿಯೇ ಪ್ರಕಟಿಸಿದ್ದನು. ಗಾಳಿಯು ಕೆನೆಯನ್ನು ಒಂದೇ ದಡಕ್ಕೆ ತಳ್ಳುವುದರಿಂದ, ಗಾಳಿ ಬಡಿಯುವ ದಡದಲ್ಲಿ ಕುಡಿಯುವ ದನಕ್ಕೆ ಅಪಾಯ ಹೆಚ್ಚು.

ಈ ವಿಷಗಳಲ್ಲಿ ಮುಖ್ಯವಾದವು ಕುದಿಸುವುದರಿಂದ ನಾಶವಾಗುವುದಿಲ್ಲ. ಪಟಿಕದಿಂದಲೂ ಚಿಲ್ಲದ ಬೀಜದಿಂದಲೂ ಮಣ್ಣಿನ ಕದಡು ಕೂರುವುದು ನಿಜ. ಆದರೆ ನೀರಿನಲ್ಲಿ ಕರಗಿದ ವಿಷವು ಹೋಗುವುದಿಲ್ಲ. ನೀರು ಕಣ್ಣಿಗೆ ತಿಳಿಯಾದ ಮಾತ್ರಕ್ಕೆ ಕುಡಿಯಲು ಯೋಗ್ಯವಾಯಿತೆಂದು ಭಾವಿಸಕೂಡದು.

ಮೈಲುತುತ್ತದ ವಿಷಯ

ಪಾಚಿಯನ್ನು ಮೈಲುತುತ್ತದಿಂದ ಕೊಲ್ಲುವ ಕ್ರಮವನ್ನು ಅಮೆರಿಕಾದ ವ್ಯವಸಾಯ ಇಲಾಖೆಯ ಮೂರ್ ಮತ್ತು ಕೆಲರ್‌ಮನ್ ಎಂಬವರು 1904ರಲ್ಲಿ ಪ್ರಕಟಿಸಿದರು. ಅದು ಪಾಚಿಯನ್ನು ಕೊಲ್ಲುವುದರಲ್ಲಿ ಸಂದೇಹವಿಲ್ಲ. ಕೊಂದ ಮೇಲೆ ಆಗುವುದೇನೆಂಬುದೇ ಪ್ರಶ್ನೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ, ಕುಡಿಯುವ ನೀರಿನ ಜಲಾಶಯವು ಪಾಚಿಗಟ್ಟಿ ರುಚಿ ಕೆಟ್ಟಿತೆಂದು ಮೈಲುತುತ್ತವನ್ನು ಹಾಕಿದರು. ಸತ್ತ ಪಾಚಿಯೊಳಗಿನ ವಿಷವೆಲ್ಲ ನೀರಿಗೆ ಬಿಡುಗಡೆಯಾಯಿತು. ಕೆಲವು ದಿನಗಳಲ್ಲಿ 148 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ಬಹುಭಾಗ ಮಕ್ಕಳು.

ಪ್ರಮಾಣದ ತೊಡಕೂ ಇದೆ. ಒಂದು ಎಕರೆ ವಿಸ್ತಾರದಲ್ಲಿ ಒಂದಡಿ ಆಳದ ನೀರೆಂದರೆ ಸುಮಾರು 12 ಲಕ್ಷ 33 ಸಾವಿರ ಲೀಟರು. ಲೀಟರಿಗೆ ಒಂದು ಮಿಲಿಗ್ರಾಮಿನಂತೆ ಹಾಕಿದರೂ ಇಷ್ಟು ನೀರಿಗೆ ಬೇಕಾದ ಮೈಲುತುತ್ತವು ಸುಮಾರು ಒಂದೂಕಾಲು ಕಿಲೋ ಮಾತ್ರ. ಮೆದು ನೀರಿನಲ್ಲಿ ಇದಕ್ಕಿಂತ ಕಡಿಮೆ ಪ್ರಮಾಣವೂ ಮೀನನ್ನು ಕೊಲ್ಲಬಹುದು. ತಾಮ್ರವು ಹೂಳಿನಲ್ಲಿ ನಿಂತು, ಮುಂದೆ ಆ ಹೂಳಿನ ಸಂಗಡ ಹೊಲಕ್ಕೂ ಬರುವುದು. ಆದಕಾರಣ ನೀರಿನ ಪರೀಕ್ಷೆಯಾಗದೆ, ತಜ್ಞರ ಲಿಖಿತ ಸಲಹೆಯಿಲ್ಲದೆ ಇದನ್ನು ಕೆರೆಗೆ ಹಾಕಕೂಡದು. ಜನರೂ ದನಗಳೂ ಕುಡಿಯುವ ನೀರಿಗಂತೂ ಊರಿನವರು ತಾವಾಗಿ ಎಂದಿಗೂ ಹಾಕಬಾರದು.

ಅನುಸರಿಸತಕ್ಕ ಉಪಾಯಗಳು

ಮೊದಲನೆಯದು, ಚರಂಡಿ ಮತ್ತು ತಿಪ್ಪೆಯ ನೀರು ಕೆರೆಗೆ ಸೇರದಂತೆ ತಿರುಗಿಸುವುದು. ತಿಪ್ಪೆಗಳನ್ನು ಕಾಲುವೆಯ ಅಂಚಿನಿಂದ ದೂರ ಸರಿಸಿ, ಗುಂಡಿಯಲ್ಲಿ ಹಾಕಿಸತಕ್ಕದ್ದು. ಈ ಒಂದು ಕೆಲಸವಾಗದೆ ಉಳಿದವು ಯಾವುವೂ ಫಲಿಸವು.

ಎರಡನೆಯದು, ಕೆರೆಗೆ ನೀರು ಬರುವ ಹೊಲಗಳಲ್ಲಿ ಸಮಪಾತಳಿಯ ಬದುಗಳನ್ನು ಹಾಕಿ, ಹಳ್ಳದ ಬಾಯಲ್ಲಿ ಲಾವಂಚ ಅಥವಾ ಇತರ ಹುಲ್ಲಿನ ಪಟ್ಟಿಯನ್ನು ಬೆಳೆಸುವುದು. ಹುಲ್ಲು ಮಣ್ಣನ್ನು ತಡೆಯುವುದು; ಮಣ್ಣಿನೊಡನೆ ರಂಜಕವೂ ನಿಲ್ಲುವುದು. ದೊಡ್ಡ ಮಳೆಯ ಮುನ್ನಾದಿನ ಗೊಬ್ಬರವನ್ನು ಎರಚದಿರುವುದೂ ಇದಕ್ಕೆ ಸೇರಿದ ಮಾತು.

ಮೂರನೆಯದು, ದನಗಳಿಗೆ ದಡದ ಮೇಲೆ ಕಲ್ಲಿನ ತೊಟ್ಟಿಯನ್ನು ಕಟ್ಟಿಸಿ ನೀರು ತುಂಬಿಸುವುದು. ಬಟ್ಟೆ ಒಗೆಯಲು ಕೆರೆಯ ಕೆಳಗೆ, ನೀರು ಹಿಂದಿರುಗದ ಕಡೆ, ಬಂಡೆಗಳನ್ನು ಹಾಕಿಸುವುದು.

ನಾಲ್ಕನೆಯದು, ಬೇಸಗೆಯಲ್ಲಿ ನೀರು ಬತ್ತಿದಾಗ ಹೂಳನ್ನು ತೆಗೆಯುವುದು. ಬಹು ವರ್ಷಗಳ ರಂಜಕವು ಹೂಳಿನಲ್ಲಿಯೇ ಸಂಗ್ರಹವಾಗಿದ್ದು, ಬೇಸಗೆಯಲ್ಲಿ ಮರಳಿ ನೀರಿಗೆ ಬಿಡುವುದು. ನಮ್ಮ ಹಿರಿಯರು ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದುದರಿಂದ ಹೊಲವೂ ಕೆರೆಯೂ ಒಟ್ಟಿಗೆ ಶುದ್ಧಿಯಾಗುತ್ತಿದ್ದವು. ಕೆರೆಯು ಯಾರ ಆಡಳಿತಕ್ಕೆ ಸೇರಿದೆಯೋ ಅವರ ಒಪ್ಪಿಗೆಯನ್ನು ಪಡೆದು ಈ ಪದ್ಧತಿಯನ್ನು ನಡೆಸಬಹುದು. ಆದರೆ ನೀರನ್ನು ಹಿಡಿದಿಡುವ ತಳದ ಜೇಡಿಯ ಪದರವನ್ನು ಅಗೆಯಕೂಡದು. ಊರಿನ ಕೊಳಚೆಯಾಗಲಿ ಕಾರ್ಖಾನೆಯ ನೀರಾಗಲಿ ಸೇರುತ್ತಿದ್ದ ಕೆರೆಯ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬಾರದು.

ಐದನೆಯದು, ಮೀನು ಸಾಕಣೆಯ ಕುಂಟೆಯಲ್ಲಿ ಹಸುರು ಹೆಚ್ಚಿದ ಕೂಡಲೆ ಸಗಣಿ ಗೊಬ್ಬರವನ್ನೂ ಮೇವನ್ನೂ ನಿಲ್ಲಿಸುವುದು. ಮೀನು ಬಾಯಿ ತೆರೆಯುತ್ತಿದ್ದರೆ ಬೆಳಗಿನ ಜಾವಕ್ಕೆ ಮುಂಚೆಯೇ ಪಂಪಿನಿಂದ ನೀರನ್ನೆತ್ತಿ, ತುಂತುರಾಗಿ ಅದೇ ಕುಂಟೆಗೆ ಬೀಳುವಂತೆ ಮಾಡಬೇಕು. ನೂಲು ಪಾಚಿಯನ್ನು ಬಲೆಯಿಂದ ಎಳೆದು ತೆಗೆದು, ದಡದಿಂದ ದೂರ ಒಯ್ದು ಗೊಬ್ಬರ ಮಾಡಬಹುದು. ದಡದಲ್ಲಿಯೇ ಬಿಟ್ಟರೆ ಅದರ ಸಾರವು ಮೊದಲನೆಯ ಮಳೆಗೆ ಹಿಂದಿರುಗುವುದು. 1959ರಲ್ಲಿ ಭಾರತಕ್ಕೆ ತಂದ ಬೆಳ್ಳಿಗೆಂಡೆ ಮೀನು ಸೂಕ್ಷ್ಮ ಪಾಚಿಯನ್ನು ತಿನ್ನುವುದಾದರೂ, ಅದರ ವಿಸರ್ಜನೆಯು ಮತ್ತೆ ನೀರಿಗೇ ಸೇರುವುದರಿಂದ ಅದೊಂದನ್ನೇ ನಂಬಿರಲಾಗದು.

ಕೂಡಲೆ ಮಾಡಬೇಕಾದುದು

ಸೀಸೆಯಲ್ಲಿ ಹಸುರು ಉಂಗುರ ಕಟ್ಟಿದ ದಿನವೇ ಮುಖಂಡರು ಡಂಗುರ ಹಾಕಿಸಿ, ಆ ನೀರನ್ನು ಕುಡಿಯುವುದನ್ನೂ ಮಕ್ಕಳು ಈಜುವುದನ್ನೂ ದನಗಳನ್ನು ಇಳಿಸುವುದನ್ನೂ ನಿಲ್ಲಿಸಿ, ಬೇರೆ ನೀರಿನ ಏರ್ಪಾಡು ಮಾಡತಕ್ಕದ್ದು. ಆ ನೀರನ್ನು ಕುಡಿದ ದನವು ತೂರಾಡಿದರೆ ಅಥವಾ ನಡುಗಿ ಬಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಿಸಬೇಕು. ಕೆರೆಯ ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಬೇಕು.

ಹಲವು ವರ್ಷಗಳಿಂದ ಕೆಟ್ಟ ನೀರು ಒಂದು ವಾರದಲ್ಲಿ ತಿಳಿಯಾಗಲಾರದು. ಚರಂಡಿಯನ್ನು ತಿರುಗಿಸಿ ಹೂಳನ್ನು ತೆಗೆದ ಕೆರೆಯೂ ಸುಧಾರಿಸಲು ಒಂದೆರಡು ಮಳೆಗಾಲಗಳನ್ನು ತೆಗೆದುಕೊಳ್ಳಬಹುದು. ಇದು ಒಬ್ಬ ರೈತನಿಂದಾಗುವ ಕೆಲಸವಲ್ಲ. ಕೆರೆಯ ಮೇಲಿನ ಹೊಲಗಳ ಜಮೀನುದಾರರೂ ಕೆರೆಯ ಕೆಳಗಿನ ಗದ್ದೆಗಳವರೂ ಒಂದೆಡೆ ಸೇರಿ, ಬರುವ ಮಳೆಗಾಲಕ್ಕೆ ಮುಂಚೆಯೇ ಯಾರು ಯಾವ ಕೆಲಸವನ್ನು ಮಾಡಬೇಕೆಂದು ಗೊತ್ತುಮಾಡಿಕೊಳ್ಳುವುದು ಉತ್ತಮ.