ಸಾಕುನಾಯಿಯ ಕಾಯಿಲೆ ಕಸಾಲೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾಯಿಯ ಭೇದಿ, ಉಣ್ಣೆ, ಕಜ್ಜಿಗಳನ್ನು ಕುರಿತು ಬರೆಯುತ್ತಾನೆಂದರೆ ಕೆಲವರಿಗೆ ನಗೆ ಬಂದೀತು. ಸಂಪಾದಕ ಮಂಡಲಿಯ ಉಪನ್ಯಾಸಕರೂ ಮೊದಲು ನಕ್ಕರು. ಆದರೆ ನಾಯಿಯು ಸಾಹಿತ್ಯಕ್ಕಾಗಲಿ ಚರಿತ್ರೆಗಾಗಲಿ ಹೊರಗಿನ ಪ್ರಾಣಿಯೇನಲ್ಲ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲಿನವರೆಗೂ ನಡೆದು ಹೋದದ್ದು ನಾಯಿಯೇ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 950ರ ಸುಮಾರಿನ ಶಿಲಾಶಾಸನವು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನೆಟ್ಟದ್ದೆಂಬುದನ್ನು ನಮ್ಮ ಚರಿತ್ರೆಯ ತರಗತಿಯಲ್ಲಿ ಕೇಳಿದವರು ಬಲ್ಲರು. ಕಾಡುಹಂದಿಯೊಡನೆ ಸೆಣಸಿ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು; ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಸತ್ತದ್ದು ಹಂದಿಯ ಕೋರೆಗೆ. ನಮ್ಮ ಮನೆಯ ಎರಡು ಮರಿಗಳು ಸತ್ತದ್ದು ನಮ್ಮ ತಿಳಿಗೇಡಿತನಕ್ಕೆ. ಆ ಸಂಗತಿಯಿಂದಲೇ ಆರಂಭಿಸುತ್ತೇನೆ.

2021ನೆಯ ಇಸವಿಯ ಜುಲೈ ತಿಂಗಳಲ್ಲಿ, ಜಡಿಮಳೆ ಹಿಡಿದಿದ್ದ ದಿನಗಳಲ್ಲಿ, ನಮ್ಮ ತಂದೆಯವರು ಸಂತೆಯಿಂದ ಬರುವಾಗ ಪಂಚೆಯ ಮಡಿಲಲ್ಲಿ ಎರಡು ತಿಂಗಳ ಒಂದು ಮರಿಯನ್ನು ತಂದರು. ಕಪ್ಪಗಿದ್ದುದರಿಂದ ಕರಿಯ ಎಂದೇ ಹೆಸರಾಯಿತು. ಹತ್ತು ದಿನ ಮನೆಯ ಚಪ್ಪಲಿಗಳಿಗೆ ಉಳಿಗಾಲವಿರಲಿಲ್ಲ. ಹನ್ನೊಂದನೆಯ ದಿನ ಅದು ಅನ್ನ ಮೂಸದೆ ಮೂಲೆ ಸೇರಿತು. ಸಂಜೆಗೆ ವಾಂತಿ, ಮರುದಿನ ರಕ್ತ ಬೆರೆತ, ಮೂಗು ಮುಚ್ಚಿಕೊಳ್ಳುವಂತಹ ನಾತದ ಭೇದಿ. ನಮ್ಮ ಅಜ್ಜಿ, "ದೃಷ್ಟಿ ಆಗೈತೆ ಮಗಾ" ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಪಕ್ಕದ ಮನೆಯವರು ಹುಳುವಿನ ಬಾಧೆಯೆಂದು ಬೇವಿನ ರಸ ಕುಡಿಸಿದರು. ನಾನೋ, ಓದಿದವನೆಂಬ ಹಮ್ಮಿನಿಂದ, ನನಗೆ ಹಿಂದೊಮ್ಮೆ ಭೇದಿಯಾದಾಗ ಉಳಿದಿದ್ದ ಮಾತ್ರೆಯಲ್ಲಿ ಅರ್ಧವನ್ನು ಪುಡಿಮಾಡಿ ಬಾಯಿಗೆ ಹಾಕಿದೆ. ಮೂರನೆಯ ದಿನ ಬೆಳಗಿನ ಜಾವ ಕರಿಯ ತೀರಿಕೊಂಡಿತು. ತಾಲ್ಲೂಕು ಕೇಂದ್ರದ ಪಶುವೈದ್ಯ ಆಸ್ಪತ್ರೆ ನಮ್ಮೂರಿನಿಂದ ಒಂಬತ್ತೇ ಕಿಲೋಮೀಟರು. ಅದನ್ನು ನಮ್ಮ ಕಡೆ ದನದ ಆಸ್ಪತ್ರೆ ಎನ್ನುತ್ತಾರೆ. ನಾಯಿಯನ್ನೂ ಅಲ್ಲಿಗೆ ಒಯ್ಯಬಹುದೆಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ತಂಗಿಯ ಅಳು ನೋಡಲಾರದೆ ಆಗಸ್ಟ್ ಕೊನೆಯಲ್ಲಿ ಇನ್ನೊಂದು ಮರಿಯನ್ನು ತಂದೆವು. ಅದೇ ಅಂಗಳ, ಅದೇ ಗೋಣಿಚೀಲ, ಅದೇ ತಟ್ಟೆ. ವಾರ ತುಂಬುವಷ್ಟರಲ್ಲಿ ಅದೇ ವಾಂತಿ, ಅದೇ ನಾತ. ಈ ಸಲ ಬೈಸಿಕಲ್ಲಿನ ಮೇಲೆ ಆಸ್ಪತ್ರೆಗೆ ಒಯ್ದೆ. ವೈದ್ಯರು ಮುಂಗಾಲಿನ ನರಕ್ಕೆ ಡ್ರಿಪ್ ಹಾಕಿದರು. ಹಾಕುತ್ತಲೇ, "ಇದಕ್ಕೆ ಮುಂಚೆ ಮನೇಲಿ ಬೇರೆ ಮರಿ ಇತ್ತೇನಪ್ಪಾ?" ಎಂದು ಕೇಳಿದರು. ಇತ್ತೆಂದೆ. "ಅದು ಮಲಗ್ತಿದ್ದ ಜಾಗದಲ್ಲೇ ಇದನ್ನೂ ಮಲಗಿಸಿದ್ರಾ?" ಹೌದೆಂದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎರಡನೆಯ ಮರಿ ಇನ್ನೆರಡು ದಿನ ಬದುಕಿತ್ತು.

ಈ ಬೇನೆಗೆ ಪಾರ್ವೋ ಎಂದು ಹೆಸರು. ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಿದ್ದು 1978ರಲ್ಲಿ. ಬೆಕ್ಕುಗಳಿಗೆ ತಗಲುವ ಒಂದು ವೈರಾಣುವಿಗೆ ಇದು ಹತ್ತಿರದ ಬಂಧು. ಒಂದೆರಡು ವರ್ಷಗಳೊಳಗೆ ಲೋಕವನ್ನೆಲ್ಲ ಸುತ್ತಿಬಿಟ್ಟಿತು. ಕರುಳಿನ ಒಳಪದರ ದಿನದಿನವೂ ಹೊಸದಾಗಿ ಹುಟ್ಟುತ್ತಿರಬೇಕು. ಹಾಗೆ ಬೇಗ ಬೇಗ ಹುಟ್ಟುವ ಜೀವಕೋಶಗಳನ್ನೇ ಈ ವೈರಾಣು ಆರಿಸಿ ಹಾಳುಮಾಡುತ್ತದೆ. ರೋಗದೊಡನೆ ಕಾದಬೇಕಾದ ಬಿಳಿಯ ರಕ್ತಕಣಗಳನ್ನೂ ಇಳಿಸುತ್ತದೆ. ಆಗ ಮೈಯ ನೀರು ಹೊರಕ್ಕೆ, ಕರುಳಿನ ಕೊಳೆ ರಕ್ತದೊಳಕ್ಕೆ. ವೈರಾಣುವನ್ನು ಕೊಲ್ಲುವ ಔಷಧವನ್ನು ನಂಬಿ ಕೂರುವ ಹಾಗಿಲ್ಲ. ಡ್ರಿಪ್ಪಿನಿಂದ ನೀರು ತುಂಬಿ, ವಾಂತಿ ತಡೆದು, ಮರಿಯ ಮೈ ತಾನೇ ಗೆಲ್ಲುವವರೆಗೆ ಜೀವ ಹಿಡಿದಿಡುವುದೇ ಚಿಕಿತ್ಸೆ. ಮೊದಲ ದಿನವೇ ಒಯ್ದ ಮರಿಗಳಲ್ಲಿ ಅನೇಕವು ಉಳಿಯುತ್ತವೆ.

ನಾವು ಅರಿಯದೆ ಹೋದದ್ದು ಇದರ ಇನ್ನೊಂದು ಗುಣವನ್ನು. ಕಾಯಿಲೆಯ ಮರಿಯ ಮಲದಿಂದ ನೆಲ ಸೇರಿದ ವೈರಾಣುವು ಮನೆಯೊಳಗೆ ತಿಂಗಳುಗಟ್ಟಲೆ, ನೆರಳಿನ ಮಣ್ಣಿನಲ್ಲಿ ಒಂದು ವರ್ಷದವರೆಗೂ ಕಾದುಕೊಂಡಿರಬಲ್ಲುದು. ಸೋಪು, ಫಿನೈಲುಗಳಿಗೆ ಜಗ್ಗುವುದಿಲ್ಲ. ಬಟ್ಟೆಗೆ ಬಳಸುವ ಬ್ಲೀಚಿನ ಒಂದು ಪಾಲನ್ನು ಮೂವತ್ತು ಪಾಲು ನೀರಿಗೆ ಬೆರೆಸಿ, ಮೊದಲು ತೊಳೆದು ಶುಚಿಮಾಡಿದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಿದರೆ ಸಾಯುತ್ತದೆ. ಆದರೆ ಮಣ್ಣಿನ ಅಂಗಳವನ್ನು ಹೀಗೆ ತೊಳೆಯಲಾದೀತೇ? ಗೋಣಿಯನ್ನು ಸುಟ್ಟು, ತಟ್ಟೆಯನ್ನು ಎಸೆದು, ಒಂದು ವರ್ಷ ಮರಿ ತರಬೇಡಿ ಎಂದರು ವೈದ್ಯರು.

ಲಸಿಕೆ ಹಾಕಿಸಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಆದರೆ ಒಂದು ಸೂಜಿ ಹಾಕಿಸಿ ಕೈತೊಳೆದುಕೊಂಡವರ ಮರಿಗಳೂ ಸಾಯುವುದುಂಟು. ಅದಕ್ಕೆ ಕಾರಣ ಸ್ವಾರಸ್ಯವಾಗಿದೆ. ಹುಟ್ಟಿದ ಮರಿಗೆ ತಾಯಿಯ ರೋಗನಿರೋಧಕ ಶಕ್ತಿ ಗಿಣ್ಣುಹಾಲಿನ ಮೂಲಕ ಬರುತ್ತದೆ. ಆ ಶಕ್ತಿ ಮೈಯಲ್ಲಿರುವವರೆಗೂ ರೋಗವನ್ನು ತಡೆಯುವಂತೆಯೇ ಲಸಿಕೆಯನ್ನೂ ನಿಷ್ಫಲಗೊಳಿಸುತ್ತದೆ. ಅದು ಒಂದು ಮರಿಯಲ್ಲಿ ಆರು ವಾರಕ್ಕೆ ಕರಗಿದರೆ ಇನ್ನೊಂದರಲ್ಲಿ ಹದಿನಾಲ್ಕು ವಾರಕ್ಕೆ ಕರಗುತ್ತದೆ. ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಆದಕಾರಣ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಿಸಬೇಕು. ಡಾಕ್ಟರುಗಳು ಹಣಕ್ಕಾಗಿ ಕರೆಯುತ್ತಾರೆಂದು ಗೊಣಗುವ ಬಂಧುಗಳಿಗೆ ಈ ಗಿಣ್ಣಿನ ಲೆಕ್ಕವನ್ನು ನಾನು ಹಲವು ಸಲ ಒಪ್ಪಿಸಿದ್ದೇನೆ.

ಹುಳುವಿನ ವಿಚಾರದಲ್ಲಿ ಪಕ್ಕದ ಮನೆಯವರು ಪೂರ್ತಿ ತಪ್ಪಿರಲಿಲ್ಲವೆಂದು ಹೇಳುವುದು ನ್ಯಾಯ. ಜಂತುಹುಳು ತಾಯಿಯ ಗರ್ಭದಲ್ಲೇ ಮರಿಗೆ ಸೇರುತ್ತದೆ, ಕೊಕ್ಕೆಹುಳು ಹಾಲಿನಿಂದಲೂ ಬರುತ್ತದೆ. ಹೊಟ್ಟೆ ಮಾತ್ರ ಗುಡಾಣವಾಗಿ ಬೆನ್ನೆಲುಬು ಎದ್ದು ಕಾಣುವ ಮರಿ ಕೊಬ್ಬಿದ ಮರಿಯಲ್ಲ. ಎರಡು ವಾರದ ವಯಸ್ಸಿನಿಂದಲೇ ತೂಕ ನೋಡಿ ಔಷಧ ಕೊಡಿಸಬೇಕು. ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂತಹ ಚೂರುಗಳು ಕಂಡರೆ ಅದು ಲಾಡಿಹುಳು. ಅದನ್ನು ತರುವುದು ಚಿಗಟ. ಚಿಗಟವನ್ನು ಬಿಟ್ಟು ಬರಿಯ ಹುಳುವಿಗೆ ಮದ್ದು ಕೊಟ್ಟರೆ ತಿಂಗಳೊಳಗೆ ಮತ್ತೆ ಹಾಜರು.

ಇನ್ನು ಉಣ್ಣೆ. ನಮ್ಮ ಕಡೆ ಸಂಜೆಯ ಹೊತ್ತು ಜಗುಲಿಯ ಮೇಲೆ ಕೂತು ನಾಯಿಯ ಕಿವಿಯಿಂದ ಉಣ್ಣೆ ಕಿತ್ತು ಕಲ್ಲಿನ ಮೇಲೆ ಅರೆಯುವುದು ಮುದುಕರ ಒಂದು ಕಾಲಕ್ಷೇಪ. ಕೀಳುವುದು ಒಳ್ಳೆಯದೇ. ಆದರೆ ಉಗುರಿನಿಂದ ಕುಕ್ಕಬಾರದು, ಊದುಬತ್ತಿಯಿಂದ ಸುಡಬಾರದು. ಚಿಮಟದಿಂದ ಚರ್ಮಕ್ಕೆ ಅಂಟಿದ ಕಡೆ ಹಿಡಿದು ನೇರವಾಗಿ ಎಳೆದು, ಸ್ಪಿರಿಟ್ಟಿನಲ್ಲಿ ಹಾಕಬೇಕು. ಅಷ್ಟು ಮಾಡಿದರೂ ಕೆಲಸ ಮುಗಿಯದು. ನಾಯಿಯ ಉಣ್ಣೆ ತನ್ನ ಆಯುಷ್ಯದ ಬಹುಪಾಲನ್ನು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ, ಹಂಚಿನ ಸಂದಿಯಲ್ಲಿ ಕಳೆಯುತ್ತದೆ. ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣು ಕೆಳಗಿಳಿದು ಸಾವಿರಾರು ಮೊಟ್ಟೆಯಿಡುತ್ತದೆ. ಗೋಡೆಯನ್ನು ಬಿಟ್ಟು ನಾಯಿಯನ್ನು ಮಾತ್ರ ತೊಳೆಯುವುದು ಚರಂಡಿಯನ್ನು ಬಿಟ್ಟು ಸೊಳ್ಳೆ ಹೊಡೆದಂತೆ. ಬಿರುಕು ಮುಚ್ಚಿಸಿ ಸುಣ್ಣ ಬಳಿಸುವುದೂ ನಾಯಿಯ ವೈದ್ಯವೇ.

ಉಣ್ಣೆಯ ಮೂಲಕ ರಕ್ತಕ್ಕೆ ಸೇರುವ ಸೂಕ್ಷ್ಮಜೀವಿಗಳಿಂದ ಉಣ್ಣೆಜ್ವರ ಬರುತ್ತದೆ. ನಾಯಿ ಊಟ ಬಿಡುತ್ತದೆ, ಜ್ವರ ಏರುತ್ತದೆ, ಮೂಗಿನಲ್ಲಿ ರಕ್ತ ಬರಬಹುದು, ಮೂತ್ರ ಕಾಫಿಯ ಬಣ್ಣವಾಗಬಹುದು. ಮೂಗು ಒಣಗಿದರೆ ಜ್ವರ ಎಂಬ ನಂಬಿಕೆಗೆ ಆಧಾರವಿಲ್ಲ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್; ನಮಗೆ ಜ್ವರವೆನಿಸುವುದು ಅದಕ್ಕೆ ಆರೋಗ್ಯ. ಉಷ್ಣಮಾಪಕಕ್ಕಿಂತ ಸುಲಭವಾದ ಪರೀಕ್ಷೆ ವಸಡು. ತುಟಿಯೆತ್ತಿ ನೋಡಿದರೆ ಅದು ತಿಳಿಗುಲಾಬಿಯಾಗಿರಬೇಕು; ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಬಿಳಿಚಿದ್ದರೆ ರಕ್ತ ಕಡಮೆಯಾಗಿರಬಹುದು, ಹಳದಿಯಾಗಿದ್ದರೆ ಕಾಮಾಲೆ; ಎರಡರಲ್ಲೂ ನಾಳೆಯೆಂದು ಕಾಯಬಾರದು. ನಾಯಿ ಚೆನ್ನಾಗಿರುವಾಗಲೇ ಹತ್ತು ಸಲ ವಸಡು ನೋಡಿದವನಿಗೆ ಮಾತ್ರ ಹನ್ನೊಂದನೆಯ ಸಲ ವ್ಯತ್ಯಾಸ ತಿಳಿಯುತ್ತದೆ.

ಕಜ್ಜಿಯಾದ ನಾಯಿಗೆ ಲಾರಿಯ ಸುಟ್ಟ ಇಂಜಿನ್ ಎಣ್ಣೆ ಬಳಿಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ನಾಯಿ ಅದನ್ನು ನೆಕ್ಕುತ್ತದೆ, ಚರ್ಮವೂ ಸುಡುತ್ತದೆ. ಕಜ್ಜಿಯ ಹುಳುವಿಗೆ ಈಗ ಒಳ್ಳೆಯ ಔಷಧಗಳಿವೆ, ಎಣ್ಣೆಯನ್ನು ಲಾರಿಗೇ ಬಿಡೋಣ.

ಮನೆಯ ಔಷಧದ ಡಬ್ಬಿಯ ಬಗ್ಗೆ, ಅರ್ಧ ಮಾತ್ರೆಯ ಅಪರಾಧಿಯಾದ ನಾನು, ಒಂದು ಮಾತು ಹೇಳಲೇಬೇಕು. ನಮಗೆ ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಪಚನಮಾಡುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆನ್ನುವಷ್ಟು ಕಡಮೆ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು. ಮೈನೋವಿನ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ನಾಯಿಯ ಚಿಗಟಕ್ಕೆಂದು ತಂದ ಪರ್ಮೆಥ್ರಿನ್ ದ್ರಾವಣವನ್ನು ಬೆಕ್ಕಿಗೆ ಹಚ್ಚಲೇಬಾರದು. ಅಡುಗೆಮನೆಯಲ್ಲಿಯೂ ಎಚ್ಚರ ಬೇಕು: ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಎರಡಕ್ಕೂ ರಕ್ತಹೀನತೆ ತರುತ್ತದೆ, ದ್ರಾಕ್ಷಿ, ಚಾಕೊಲೇಟುಗಳೂ ನಾಯಿಗೆ ಸಲ್ಲವು. ಬೇಯಿಸಿದ ಕೋಳಿಯ ಎಲುಬು ಸೀಳಾಗಿ ಕರುಳಿಗೆ ಚುಚ್ಚುತ್ತದೆ.

ಕೊನೆಗೆ, ನಾಯಿಯದೂ ನಮ್ಮದೂ ಆದ ಬೇನೆ: ರೇಬೀಸ್, ಹುಚ್ಚುನಾಯಿ ರೋಗ. ಹುಚ್ಚುನಾಯಿಯೆಂದರೆ ಜೊಲ್ಲು ಸುರಿಸುತ್ತ ಕಂಡಕಂಡವರ ಮೇಲೆ ಬೀಳುವುದೆಂದು ನಾವು ತಿಳಿದಿದ್ದೇವೆ. ಮಂಕಾಗಿ ಕತ್ತಲೆ ಸೇರುವ ಇನ್ನೊಂದು ರೂಪವೂ ಅದಕ್ಕುಂಟು. ದವಡೆ ಜೋತುಬಿದ್ದು ನುಂಗಲಾರದೆ ಒದ್ದಾಡುವುದನ್ನು ಕಂಡು, ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಒಡೆಯನೇ ಬಾಯಿಗೆ ಕೈ ಹಾಕುತ್ತಾನೆ. ವೈರಾಣು ಜೊಲ್ಲಿನಲ್ಲಿದೆ, ಗಾಯದಿಂದ ನರಗಳ ಗುಂಟ ಮೆದುಳಿಗೆ ನಡೆಯುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮೊದಲು ಮಾಡಿದರೆ ಮಾತ್ರ ಚಿಕಿತ್ಸೆ.

2023ರ ಬೇಸಗೆಯಲ್ಲಿ ನಮ್ಮ ಚಿಕ್ಕಪ್ಪನ ಮಗನಿಗೆ ಬೀದಿನಾಯಿಯೊಂದು ಮೀನಖಂಡಕ್ಕೆ ಕಚ್ಚಿತು. ಮನೆಯ ಹೆಂಗಸರು ಆಗಲೇ ಖಾರದಪುಡಿಯ ಡಬ್ಬಿ ತೆಗೆದಿದ್ದರು. ನಾನು ಹುಡುಗನನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಕಾಲಿಟ್ಟು, ಬಟ್ಟೆ ಸೋಪು ಹಾಕಿ, ಗಡಿಯಾರ ನೋಡುತ್ತ ಹದಿನೈದು ನಿಮಿಷ ತೊಳೆದೆ. ಅವನ ಕಿರುಚಾಟಕ್ಕೆ ಬೀದಿಯೇ ಸೇರಿತ್ತು. ಖಾರವೂ ಸುಣ್ಣವೂ ಗಾಯವನ್ನು ಕೆರಳಿಸುತ್ತವೆಯೇ ಹೊರತು ವೈರಾಣುವನ್ನು ಕೊಲ್ಲುವುದಿಲ್ಲ, ಸೋಪು ಕೊಲ್ಲುತ್ತದೆ. ಅಲ್ಲಿಂದ ನೇರ ಸರಕಾರಿ ಆಸ್ಪತ್ರೆಗೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯೆಂದು ಅಜ್ಜಿ ಹೆದರಿ ಕೂತಿದ್ದರು. ಆ ಹಳೆಯ ಮದ್ದು ಡೇವಿಡ್ ಸೆಂಪಲ್ ಎಂಬ ವೈದ್ಯನು ಕಸೌಲಿಯಲ್ಲಿ 1911ರಲ್ಲಿ ಕುರಿಯ ಮೆದುಳಿನಿಂದ ಮಾಡಿದ್ದು; ನಮ್ಮ ದೇಶದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತಿತು. ಈಗ ರಟ್ಟೆಗೆ ಹಾಕುತ್ತಾರೆ: ಮೊದಲ ದಿನ, ಅಲ್ಲಿಂದ 3, 7, 14, 28ನೆಯ ದಿನಗಳಲ್ಲಿ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 14ನೆಯ ದಿನದ್ದು ಇರುವುದಿಲ್ಲ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತಲೂ ಸೀರಮ್ಮಿನ ಚುಚ್ಚುಮದ್ದು ಬೇರೆ. ನಡುವೆ ಒಂದು ದಿನ ಹಬ್ಬವೆಂದು ಚಿಕ್ಕಪ್ಪ ತಪ್ಪಿಸಲು ನೋಡಿದರು. ಹಬ್ಬದ ಊಟಕ್ಕೆ ಮುಂಚೆ ನಾನೇ ಹುಡುಗನನ್ನು ಕರೆದೊಯ್ದೆ. ಹುಡುಗ ಈಗ ಕ್ರಿಕೆಟ್ಟಿನಲ್ಲಿ ನಮ್ಮ ಕಿಟಕಿಗಳನ್ನು ಒಡೆಯುತ್ತಿದ್ದಾನೆ. ಸಾಕುನಾಯಿಗೆ ಮೂರು ತಿಂಗಳು ತುಂಬಿದಾಗ ಮೊದಲ ಸೂಜಿ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಿದರೆ, ಮನೆಯ ಮಟ್ಟಿಗೆ ಈ ಭಯವಿಲ್ಲ.

ನಮ್ಮ ಮೂರನೆಯ ನಾಯಿ ಚಿನ್ನಿ. 2022ರಲ್ಲಿ ಚಿಕ್ಕಮ್ಮನ ಊರಿನಲ್ಲಿ ಹುಟ್ಟಿತು. ಹದಿನಾರು ವಾರ ತುಂಬಿ ಲಸಿಕೆಗಳೆಲ್ಲ ಮುಗಿಯುವವರೆಗೂ ಅದನ್ನು ಅಲ್ಲೇ ಬಿಟ್ಟು, ನವೆಂಬರಿನಲ್ಲಿ ಮನೆಗೆ ತಂದೆವು. ಮರುವರ್ಷ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದೆವು. ಮಾಡಿಸದ ಹೆಣ್ಣುನಾಯಿಗಳಿಗೆ ನಡುವಯಸ್ಸಿನ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವಿದೆಯೆಂದು ವೈದ್ಯರು ಹೇಳಿದ್ದರು. ಅಜ್ಜಿ ಮೊದಲು ಒಪ್ಪಲಿಲ್ಲ, ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆಗಳ ನಡುವೆ ಚಿನ್ನಿಯ ಸೂಜಿಯ ದಿನ, ಹುಳುವಿನ ಮದ್ದಿನ ದಿನ ಕೆಂಪು ಶಾಯಿಯಲ್ಲಿವೆ. ಅಜ್ಜಿಗೆ ಓದು ಬಾರದು. ಹೊಸ ವರ್ಷದ ಕ್ಯಾಲೆಂಡರು ಬಂದ ದಿನವೇ ಹಳೆಯದನ್ನೂ ನನ್ನ ಮುಂದಿಟ್ಟು, "ಚಿನ್ನೀದು ಯಾವತ್ತು ಬರ್ಕೊಡು ಮಗಾ" ಎನ್ನುತ್ತಾರೆ.