ಮೇಷ್ಟ್ರ ಕೋಟೂ ನನ್ನ ಕ್ಯಾಮರಾವೂ

ನನ್ನಲ್ಲೊಂದು ಸಿನಿಮಾ ಕ್ಯಾಮರಾ ಇದೆ. ಸಿನಿಮಾ ಎಂದೊಡನೆ ಓದುಗರು ಸ್ಟುಡಿಯೋವನ್ನೂ ತಾರೆಯರನ್ನೂ ಕಲ್ಪಿಸಿಕೊಳ್ಳಬೇಕಾಗಿಲ್ಲ. ರೀಲಿನ ಕಾಲ ಹೋಗಿ, ಚಿತ್ರವೆಲ್ಲ ಅಂಕಿಗಳಾಗಿ ಒಂದು ಪುಟ್ಟ ಡಬ್ಬಿಯೊಳಗೆ ಅಡಗುವ ಕಾಲದ ಡಿಜಿಟಲ್ ಯಂತ್ರವಿದು. ಶಾಲೆಯ ವಾರ್ಷಿಕೋತ್ಸವ, ಊರಿನ ಬಯಲಾಟ, ಹಿರಿಯರ ಮಾತುಕತೆ, ಇವೇ ಅದರ ಕಾರ್ಯಕ್ಷೇತ್ರ. ಕೆಲವು ವರ್ಷಗಳ ಸಹವಾಸದಲ್ಲಿ ಅದರ ಗುಣಗಳು, ಮನೆಗೆ ಬಂದ ಹೊಸ ಅಳಿಯನ ಗುಣಗಳಂತೆ, ಒಂದೊಂದಾಗಿ ಹೊರಬಿದ್ದುವು.

ಮೊದಲು ತಿಳಿದದ್ದು ಅದರ ನಿಟ್ಟುಸಿರು. ಒಳಗಿನ ಬಿಸಿಯನ್ನು ಹೊರದೂಡಲು ಅದರಲ್ಲೊಂದು ಸಣ್ಣ ಫ್ಯಾನು. ಚಿತ್ರಣ ನಡೆಯುವಾಗ ಧ್ವನಿಗೆ ಭಂಗ ಬಾರದಿರಲೆಂದು ಅದು ಮೆಲ್ಲಗೆ ತಿರುಗುತ್ತದೆ. ನಿಲ್ಲಿಸಿದೊಡನೆ, ಕಟ್ಟಿಹಿಡಿದಿದ್ದ ಉಸಿರನ್ನು ಬಿಟ್ಟಂತೆ ಭೋರೆನ್ನುತ್ತದೆ. ಒಂದು ಸಭೆಯಲ್ಲಿ ಭಾಷಣಕಾರರು “ಕೊನೆಯದಾಗಿ” ಎಂದು ಮೂರನೆಯ ಸಲ ಹೇಳಿದಾಗ ನಾನು ಗುಂಡಿ ಒತ್ತಿಬಿಟ್ಟೆ. ಆ ನಿಟ್ಟುಸಿರು ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು.

ಚಲಿಸುವ ವಸ್ತುಗಳನ್ನು ಕಂಡರಂತೂ ಅದಕ್ಕೆ ಗಲಿಬಿಲಿ. ಅದರ ಸೆನ್ಸರು ದೃಶ್ಯವನ್ನು ಇಡಿಯಾಗಿ ಒಮ್ಮೆಗೇ ಗ್ರಹಿಸದೆ, ಹುಡುಗರು ಪಾಠ ಓದುವಂತೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತ ಬರುತ್ತದೆ. ಓದಿ ಮುಗಿಸುವಷ್ಟರಲ್ಲಿ ವಸ್ತು ಸರಿದಿರುತ್ತದೆ. ಬಸ್ಸಿನ ಕಿಟಕಿಯಿಂದ ತೆಗೆದರೆ ರಸ್ತೆಯ ಕಂಬಗಳೆಲ್ಲ ವಾಲುತ್ತವೆ. ಸೂರಿನ ಫ್ಯಾನಿನ ರೆಕ್ಕೆಗಳು ಕುಡುಗೋಲಿನಂತೆ ಬಾಗುತ್ತವೆ.

ದೀಪದೊಡನೆ ಅದರದು ಬೇರೆಯೇ ಜಗಳ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಇದು ತಿಳಿಯದು. ಸೆಕೆಂಡಿಗೆ 24 ಚಿತ್ರಗಳೆಂಬ ಸಿನಿಮಾ ಸಂಪ್ರದಾಯದಲ್ಲಿ ಒಂದೊಂದು ಚಿತ್ರಕ್ಕೂ ಬೆಳಕು ಬೀಳುವ ಅವಧಿ ಸಾಮಾನ್ಯವಾಗಿ 1/48 ಸೆಕೆಂಡು. ಈ ಲೆಕ್ಕ ದೀಪದ ಲೆಕ್ಕಕ್ಕೆ ಕೂಡದೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. ಷಟರಿನ ಕೋನವನ್ನು 180 ಡಿಗ್ರಿಯಿಂದ 172.8ಕ್ಕೆ ಇಳಿಸಿದರೆ ಅವಧಿ ಸರಿಯಾಗಿ 1/50 ಆಗಿ, ಎರಡು ಮಿಣುಕು ಅದರೊಳಗೆ ಅಡಕವಾಗುತ್ತವೆ, ಪಟ್ಟಿ ಮಾಯವಾಗುತ್ತದೆ. ಇದನ್ನು ಕಲಿತು ಬೀಗುತ್ತಿದ್ದ ನಾನು ಒಂದು ರಾತ್ರಿ ಬಯಲಾಟಕ್ಕೆ ಹೋದೆ. ಅಲ್ಲಿ ಜನರೇಟರಿನ ವಿದ್ಯುತ್ತು! ಅದರ ಮೇಲಿನ ಹೊರೆ ಏರಿಳಿದಂತೆಲ್ಲ ಆವರ್ತನವೂ ಏರಿಳಿಯುತ್ತಿತ್ತು. ಬಣ್ಣದ ವೇಷದ ರಾವಣನಿಗಿಂತ ಮೊದಲು ಪಟ್ಟಿಗಳೇ ರಂಗಪ್ರವೇಶ ಮಾಡಿದುವು.

ಇವೆಲ್ಲ ನಕ್ಕು ಮರೆಯುವ ಸಂಗತಿಗಳು. ಮೇಷ್ಟ್ರ ಕೋಟಿನ ವಿಷಯ ಹಾಗಲ್ಲ.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ಹಳಗನ್ನಡ ಪದ್ಯಗಳನ್ನು ಅವರು ವಾಚಿಸುತ್ತಿದ್ದ ರೀತಿಯನ್ನು ಉಳಿಸಿಕೊಳ್ಳಬೇಕೆಂದು 2021ರ ಡಿಸೆಂಬರಿನಲ್ಲಿ ಮಲೆನಾಡಿನ ಅವರ ಮನೆಗೆ ಹೋದೆ. ಆಗ ಅವರಿಗೆ ಎಂಬತ್ತು ತುಂಬಿತ್ತು. ಹೆಡ್‌ಮಾಸ್ಟರರಾದ ವರ್ಷ ಹೊಲಿಸಿದ ಕರಿಯ ಟೆರಿಲಿನ್ ಕೋಟನ್ನು ಪೆಟ್ಟಿಗೆಯಿಂದ ತೆಗೆಸಿ ತೊಟ್ಟುಕೊಂಡು ಅಂಗಳಕ್ಕೆ ಬಂದರು. ನಡುಮಧ್ಯಾಹ್ನದ ಬಿಸಿಲು. ಹಿಂದಿನ ಅಡಿಕೆತೋಟ ಮಸುಕಾಗಿ ಅವರ ಮುಖವೊಂದೇ ಸ್ಪಷ್ಟವಾಗಿರಲೆಂಬ ಆಸೆಯಿಂದ ಲೆನ್ಸನ್ನು ಅಗಲವಾಗಿ ತೆರೆದು, ಹೆಚ್ಚಾದ ಬೆಳಕನ್ನು ತಡೆಯಲು ಮುಂದೆ ಎನ್.ಡಿ. ಫಿಲ್ಟರೆಂಬ ಕಪ್ಪುಗಾಜನ್ನು ಇಟ್ಟೆ. ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಗಾಜು ಅದು. ಮೇಷ್ಟ್ರು ಮುಕ್ಕಾಲು ಗಂಟೆ ವಾಚಿಸಿದರು. ದನಿ ಎಲ್ಲಿಯೂ ನಡುಗಲಿಲ್ಲ.

ಮರುವರ್ಷ ಅವರು ತೀರಿಕೊಂಡರು. ವರ್ಷಾಂತಿಕದ ದಿನ ಸಂಜೆ ಜಗಲಿಯ ಗೋಡೆಗೆ ಬಿಳಿಯ ಪಂಚೆ ಕಟ್ಟಿ ಆ ಚಿತ್ರವನ್ನು ತೋರಿಸಿದೆವು. ಎಲ್ಲರೂ ಸ್ತಬ್ಧರಾಗಿ ಕೇಳುತ್ತಿದ್ದರು. ಮೇಷ್ಟ್ರ ಹೆಂಡತಿ ಮಾತ್ರ ನನ್ನ ಕಡೆ ತಿರುಗಿ, “ಇದು ಯಾರ ಕೋಟು ಮಾರಾಯ?” ಎಂದರು. “ಅವರದ್ದು ಕಪ್ಪಲ್ಲವೊ? ಇದು ಇಟ್ಟಿಗೆ ಬಣ್ಣ ಇದೆ. ಇನ್ನೊಬ್ಬರ ಬಟ್ಟೆ ಅವರು ತೊಟ್ಟವರೇ ಅಲ್ಲ.”

ನಿಜಕ್ಕೂ ಕೋಟು ಕೆಂಪುಗಂದಾಗಿತ್ತು. ನಾನು ಮನೆಯಲ್ಲೇ ಅದನ್ನು ಕಂಡಿದ್ದೆ. ಹಳೆಯ ಕೋಟು, ಬಣ್ಣ ಹೋಗಿರಬೇಕೆಂದು ತೀರ್ಮಾನಿಸಿಕೊಂಡಿದ್ದೆ. ಎರಡು ಮಾರು ದೂರದಲ್ಲಿ ನಿಂತು ಕಣ್ಣಾರೆ ನೋಡಿದ ಕಪ್ಪನ್ನು ಯಂತ್ರದ ಮಾತು ನಂಬಿ ಮರೆತಿದ್ದೆ. ಅಮ್ಮ ಎದ್ದು ಹೋಗಿ ಕೋಟನ್ನೇ ತಂದು ದೀಪದ ಕೆಳಗೆ ಹಿಡಿದರು. ಕಾಡಿಗೆಯಂಥ ಕಪ್ಪು.

ಕಾರಣ ಸರಳವಾದದ್ದೇ. ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರು ತರಂಗಾಂತರದ್ದು. ಸಿಲಿಕಾನಿನ ಸೆನ್ಸರು ಅದನ್ನು ಮೀರಿ, ಸುಮಾರು 1100ರವರೆಗೆ, ಅವಕೆಂಪು ಕಿರಣಗಳಿಗೂ ಸ್ಪಂದಿಸುತ್ತದೆ. ಆ ಕಿರಣಗಳನ್ನು ತಡೆಯಲು ಒಳಗೊಂದು ಗಾಜಿದ್ದರೂ ಸ್ವಲ್ಪ ಪಾಲು ನುಸುಳುತ್ತದೆ. ಎಂದಿನ ಬೆಳಕಿನಲ್ಲಿ ಅದು ಲೆಕ್ಕಕ್ಕಿಲ್ಲ. ನನ್ನ ಕಪ್ಪುಗಾಜು ಕಾಣುವ ಬೆಳಕನ್ನು ಮಾತ್ರ ತಡೆದು ಅವಕೆಂಪನ್ನು ಬಹುಪಾಲು ಹಾಗೆಯೇ ಬಿಟ್ಟಿತು. ಮುಂಬಾಗಿಲು ಹಾಕಿದ ಮನೆಗೆ ಹಿತ್ತಿಲಿನಿಂದ ನುಗ್ಗಿದವರ ಹಾಗೆ ಅದೇ ಒಳಗೆ ತುಂಬಿಕೊಂಡಿತು. ಅನೇಕ ಕರಿಯ ಬಟ್ಟೆಗಳ ಬಣ್ಣ, ಅದರಲ್ಲೂ ಕೃತಕ ನೂಲಿನವುಗಳದ್ದು, ನಮ್ಮ ಕಣ್ಣಿಗೆ ಮಾತ್ರ ಕಪ್ಪು. ಅವಕೆಂಪಿಗೆ ಅವು ಬೆಳ್ಳಗಿನ ಬಟ್ಟೆಗಳೇ. ಅವಕೆಂಪನ್ನೂ ತಡೆಯುವ ಎನ್.ಡಿ. ಫಿಲ್ಟರುಗಳು ಅಂಗಡಿಯಲ್ಲಿ ಸಿಗುತ್ತವೆ. ನಾನು ಅಗ್ಗದ್ದನ್ನು ಕೊಂಡಿದ್ದೆ.

ತಿದ್ದಲು ಕುಳಿತಾಗ ತಿಳಿಯಿತು, ಕೂಡಿಹೋದ ಅವಕೆಂಪನ್ನು ಬೇರ್ಪಡಿಸಲು ಬಾರದೆಂದು. ಚಿತ್ರದಿಂದ ಕೆಂಪು ತೆಗೆದರೆ ಕೋಟು ಕಪ್ಪಾಗುತ್ತದೆ, ಮೇಷ್ಟ್ರ ಮುಖಕ್ಕೆ ಪಾಚಿಯ ಛಾಯೆ ಬರುತ್ತದೆ. ಉಳಿದ ದಾರಿಯೆಂದರೆ ಕೋಟಿನ ಅಂಚನ್ನು ಗುರುತಿಸಿ ಅದಷ್ಟನ್ನೇ ತಿದ್ದುವುದು. ಮುಕ್ಕಾಲು ಗಂಟೆಗೆ 64,800 ಚಿತ್ರಗಳು. ಗಣಕಯಂತ್ರ ಅಂಚನ್ನು ತಾನೇ ಹಿಂಬಾಲಿಸುತ್ತದೆ, ನಿಜ. ಆದರೆ ಮೇಷ್ಟ್ರು ಪದ್ಯದ ನಡೆಗೆ ಕೈಬೀಸುವವರು. ಕೈ ಕೋಟನ್ನು ದಾಟಿದಾಗಲೆಲ್ಲ ಯಂತ್ರ ದಾರಿ ತಪ್ಪುತ್ತದೆ, ನಾನು ಗೆರೆ ಎಳೆಯಬೇಕು.

ಹತ್ತು ನಿಮಿಷದ ಭಾಗವನ್ನು ತಿದ್ದಿ ಅಮ್ಮನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. “ಹೌದು, ಇದು ಅವರೇ,” ಎಂದರು. ಆಮೇಲೆ, “ಉಳಿದದ್ದನ್ನೂ ಮಾಡು. ಅವಸರ ಏನಿಲ್ಲ,” ಎಂದು ಒಳಗೆ ಹೋದರು.

ಈಗ ಬಿಸಿಲಿನಲ್ಲಿ ಚಿತ್ರ ತೆಗೆಯುವ ಮೊದಲು ಕ್ಯಾಮರಾದ ಮುಂದೆ ಒಂದು ಕರಿಯ ಕೊಡೆಯನ್ನು ಬಿಚ್ಚಿ ಹಿಡಿಸಿ ನೋಡುತ್ತೇನೆ. ಕೊಡೆ ಕೆಂಪಗಾದರೆ ಗಾಜು ಬದಲಾಯಿಸುತ್ತೇನೆ. ಊರಿನ ಹುಡುಗರು ನಗುತ್ತಾರೆ. ರಾತ್ರಿ ಊಟವಾದ ಮೇಲೆ ಮೇಷ್ಟ್ರ ಕೋಟಿನ ಕೆಲಸ. ಇಪ್ಪತ್ತೆರಡನೆಯ ನಿಮಿಷಕ್ಕೆ ಬಂದಿದ್ದೇನೆ.